ಗೋಡೆಯ ಕಡೆ ತಿರುಗಿ ಅತ್ತವಳು

"ಒಳಗಿರೋಳನ್ನ ಈ ಕಡೆ ತಿರುಗಿಸ್ಬೇಡ ಮಗಾ. ಗಂಡನಿಗೆ ಶೋಕದ ಹಾಡು ಹಾಡ್ತಿದಾಳೆ. ತಿರುಗಿಸಿದೋನ ಹೆಸರು ಹಾಡಿಗೆ ಅಂಟ್ಕೊಳ್ಳುತ್ತೆ," ಎಂದಳು ಡೇರೆಯ ಬಾಗಿಲಲ್ಲಿದ್ದ ಮುದುಕಿ ಬಾತ್ಮಾ.

"ಅಂಟ್ಕೊಳ್ಳಲಿ ಬಿಡು ಅಜ್ಜೀ, ಪುಕ್ಕಟೆ ಪ್ರಚಾರ!" ಎರ್ಮೆಕ್ ಹಲ್ಲು ಕಿರಿದ.

ರಾಜಧಾನಿ ಬಿಷ್ಕೆಕ್‌ನಿಂದ ನರಿನ್ ಬೆಟ್ಟಗಳವರೆಗೆ ಕಾರು ಓಡಿಸಿಕೊಂಡು ಬಂದ ಪುಣ್ಯಾತ್ಮ ಇವನು. ಎಲ್ಲಿ ಹೆಣ ಬಿದ್ದರೂ ಅಲ್ಲಿ ಇವನ ಫೋನು ಹಾಜರು. ಇವನ ವಿಡಿಯೋ ಚಾನೆಲ್ಲಿಗೆ 'ಬೆತ್ತಲೆ ಸತ್ಯ' ಎಂಬ ಹೆಸರು ಬೇರೆ. ಸತ್ಯವಂತೆ ಸತ್ಯ, ಥೂ! ನದಿಗೆ ಬಿದ್ದು ಸತ್ತ ಕುರುಬನಿಗೆ ಹೆಂಡತಿಯೇ ವಿಷ ಹಾಕಿದಳೆಂದು ಯಾರೋ ಗುಸುಗುಸು ಅಂದಿದ್ದರು. ಇವನಿಗೆ ಅಷ್ಟು ಸಾಕಾಗಿತ್ತು.

ಡೇರೆಯೊಳಗೆ ಹಗಲಲ್ಲೂ ಕತ್ತಲೆ. ಒದ್ದೆ ಉಣ್ಣೆಯ ವಾಸನೆ. ಸತ್ತವನ ಹೆಸರಲ್ಲಿ ಹೊರಗೆ ಕರಿಯುತ್ತಿದ್ದ ರೊಟ್ಟಿಯ ಕಮಟು ವಾಸನೆ. ಬಾಗಿಲಿಗೆ ಬೆನ್ನು ಹಾಕಿ ಕೂತ ಸೈರಕುಲ್ ಗಂಡನ ಹೆಸರು ಹಿಡಿದು ರಾಗವಾಗಿ ಅಳುತ್ತಿದ್ದಳು. ಎರ್ಮೆಕ್ ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಾ ಇನ್ನೊಂದು ಕೈಯಿಂದ ಅವಳ ಹೆಗಲು ಹಿಡಿದು ಎಳೆದ.

"ಮುಖ ತೋರಿಸಮ್ಮಾ, ಜನ ಕಾಯ್ತಿದಾರೆ. ವಿಷ ಹಾಕಿದ್ದು ನೀನೇ ತಾನೆ?"

ಅವಳು ತಿರುಗಿದಳು. ಉಗುರಿನಿಂದ ಪರಚಿಕೊಂಡ ಕೆನ್ನೆಗಳಲ್ಲಿ ಹಸಿ ರಕ್ತ. ಹಾಡು ನಿಲ್ಲಲಿಲ್ಲ. ಗಂಡನ ಹೆಸರಿದ್ದ ಜಾಗದಲ್ಲಿ ಈಗ "ಅಯ್ಯೋ ಎರ್ಮೆಕ್, ಹೋದೆಯಾ ಎರ್ಮೆಕ್" ಎಂದು ಬಂತು. ಇವನು ಅಲ್ಲಿ ಯಾರಿಗೂ ತನ್ನ ಹೆಸರು ಹೇಳಿರಲಿಲ್ಲ.

ಬಾತ್ಮಾ ಅವನ ತೋಳು ಹಿಡಿದಳು. "ಅಳಿಸ್ಬಿಡು ಅದನ್ನ! ಎಷ್ಟು ಜನ ಕೇಳ್ತಾರೋ ಅಷ್ಟಷ್ಟು ನಿನ್ನ ಉಸಿರು ಹೋಗುತ್ತೆ."

ಅಳಿಸುವುದೆ? ಈ ಮಹಾನುಭಾವ ಅಲ್ಲೇ ನಿಂತು ಅದನ್ನು ಲೋಕಕ್ಕೆಲ್ಲ ಹಂಚಿದ.

ಹಿಂದಿರುಗುವ ದಾರಿಯ ಕೊಚ್ಕೋರ್ ಪೇಟೆ ತಲುಪುವಷ್ಟರಲ್ಲಿ ಎದೆಯ ಮೇಲೆ ಯಾರೋ ಕೂತಂತಾಯಿತು. ಕಾರು ನಿಲ್ಲಿಸಿದ. ಹೆಂಡತಿ ಬುರುಲ್ ಫೋನು ಮಾಡಿದಳು.

"ರೀ, ಅವಳು ನಿಮ್ಮ ಹೆಸರು ಹಿಡಿದು ಅಳ್ತಿದಾಳಲ್ರೀ! ನಿಮ್ಮ ದಮ್ಮಯ್ಯ, ಅಳಿಸಿಬಿಡಿ."

"ಹುಚ್ಚಿ! ಹತ್ತು ಲಕ್ಷ ಜನ ನೋಡ್ಲಿ, ತಡಿ."

ಹತ್ತು ಲಕ್ಷವೂ ಆಯಿತು. ಬಾಯಲ್ಲಿ ಮಣ್ಣಿನ ರುಚಿ. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಆಗ ಬಂತು ನೋಡಿ ಬುದ್ಧಿ! ಒತ್ತಿದ. ಅಳಿಸಿದ. ಎದೆ ಹಗುರಾಯಿತು. ಗಾಳಿ ಒಳಗೆ ಹೋಯಿತು. ಬದುಕಿದೆನಪ್ಪಾ ಎಂದುಕೊಂಡ.

ಪಕ್ಕದ ಚಹಾದಂಗಡಿಯಿಂದ ಹಾಡು ಕೇಳಿಸಿತು. ಅಯ್ಯೋ ಎರ್ಮೆಕ್.

ಕರಬೂಜದ ವ್ಯಾಪಾರಿಯ ಫೋನಿನಲ್ಲೂ ಅದೇ. ಬಸ್ಸಿನ ಕಿಟಕಿಯಲ್ಲೂ ಅದೇ. ಇವನಂಥ ನೂರಾರು ಜನ ಆಗಲೇ ಅದನ್ನು ಕದ್ದು ತಮ್ಮ ತಮ್ಮ ಚಾನೆಲ್ಲಿಗೆ ಹಾಕಿಕೊಂಡಿದ್ದರು.

"ನಿಲ್ಲಿಸ್ರೋ!" ದನಿ ಹೊರಡಲಿಲ್ಲ. ಮಂಡಿಯೂರಿದ. ಬಿದ್ದ.

"ಲೋ, ಆ ವಿಡಿಯೋದವನೇ ಕಣೋ!"

"ಸಾಯ್ತಿದಾನೆ! ಫೋನ್ ತೆಗಿ, ಬೇಗ ತೆಗಿ!"

ಸುತ್ತ ಜನ ಕಟ್ಟಿದರು. ಒಬ್ಬನಾದರೂ ಒಂದು ಗುಟುಕು ನೀರು ಕೊಟ್ಟಿದ್ದರೆ ಕೇಳಿ.

ಬಿಷ್ಕೆಕ್‌ನ ಮನೆಯಲ್ಲಿ ಬುರುಲ್ ಗಂಡನಿಗೆ ಮತ್ತೆ ಮತ್ತೆ ಫೋನು ಹಚ್ಚುತ್ತಿದ್ದಳು. ಅಷ್ಟರಲ್ಲಿ ಅವಳದೇ ಫೋನು ರಿಂಗಾಯಿತು. ಗೊತ್ತಿಲ್ಲದ ದನಿ, ಬೆಣ್ಣೆಯಂಥ ಮಾತು.

"ಅಕ್ಕಾ, ಸುದ್ದಿ ಕೇಳಿ ತುಂಬಾ ಬೇಜಾರಾಯ್ತು. ನಮ್ಮ ಚಾನೆಲ್ ಹುಡುಗರು ನಿಮ್ಮ ಮೆಟ್ಟಿಲು ಹತ್ತುತ್ತಿದಾರೆ. ಅವರು ಬರೋತನಕ ಮಾತ್ರ ಅಳಬೇಡಿ, ಆಯ್ತಾ?"

"ಯಾವ ಸುದ್ದಿ?" ಎಂದಳು ಬುರುಲ್.