ದಿಶಾಳಿಗೆ ಗಲ್ಲಾ ಬೇಕಂತೆ

"ದಿಶಾಳ ಮಾರ್ಫಿನ್ ನಿಲ್ಲಿಸಿದ್ದು ನೀವೇನಾ?"

ಡೊಂಬಿವಲಿಯ ಆ ಪುಟ್ಟ ಕ್ಲಿನಿಕ್‌ಗೆ ಸರದಿ ಕಾಯದೆ ನುಗ್ಗಿದ ಅಮಿತಾಳ ಮುಖ ಕೆಂಡವಾಗಿತ್ತು. ಗುಣವಾಗದ ಕಾಯಿಲೆಯ ಮಕ್ಕಳ ಮನೆಗೇ ಹೋಗಿ ನೋವು ಕಡಿಮೆ ಮಾಡುವ ನೆರೂಳಿನ ತಂಡವೊಂದರ ನರ್ಸ್ ಅವಳು. ಆಸ್ಪತ್ರೆ, ಹತ್ತಿರದ ಡಾಕ್ಟರು, ಮನೆಯವರು... ಎಲ್ಲರೂ ಒಂದೇ ಮಾತು ಹೇಳುವಂತೆ ನೋಡಿಕೊಳ್ಳುವುದು ಅವಳ ಹೊಣೆ.

ಡಾಕ್ಟರ್ ಲತೇಶ್ ಸ್ಟೆತಸ್ಕೋಪ್ ಕೆಳಗಿಟ್ಟ. "ಕೂತ್ಕೊಳ್ಳಿ ಸಿಸ್ಟರ್. ಮೊದಲು ನೀರು ಕುಡೀರಿ."

"ನೀರು ಬೇಡ. ಮಗು ರಾತ್ರಿಯಿಡೀ ನೋವಲ್ಲಿ ಅತ್ತಿದೆ, ಗೊತ್ತುಂಟಾ?"

"ನಾನು ಡೋಸ್ ಕಡಿಮೆ ಮಾಡ್ಲಿಕ್ಕೆ ಹೇಳಿದ್ದು. ತುಂಬಾ ಮಂಪರು ಅಂತ ಅವಳಮ್ಮ ಹೇಳಿದ್ರು, ಬಾಗಿಯವರು. ಪೂರ್ತಿ ನಿಲ್ಲಿಸಿ ಅಂದದ್ದು ದೊಡ್ಡ ಆಸ್ಪತ್ರೆಯ ಡಾಕ್ಟ್ರು. ಬಾಗಿಯವರು ದೊಡ್ಡವರ ಮಾತು ಕೇಳಿದ್ರು. ನಿಮಗೆ ಯಾರೂ ಹೇಳ್ಲಿಲ್ವಾ?"

ಅಮಿತಾ ಪೆಚ್ಚಾದಳು. ಯಾರೂ ಹೇಳಿರಲಿಲ್ಲ... ಆದರೆ ಅವಳೂ ಕೇಳಿರಲಿಲ್ಲ. ಈ ಕ್ಲಿನಿಕ್‌ಗೆ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಇಷ್ಟಾದರೂ ಈ ಮನುಷ್ಯ ದನಿ ಏರಿಸುತ್ತಿಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಅಂದೇ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ, ಕಡಿಮೆ ಡೋಸಿನಲ್ಲಿ ಮಾರ್ಫಿನ್ ಮತ್ತೆ ಶುರು ಮಾಡಿಸಿದಳು. ಅದೇ ವಾರ ಎಲ್ಲರನ್ನೂ ದಿಶಾಳ ಮನೆಯಲ್ಲಿ ಕೂರಿಸಿದಳು. ದೊಡ್ಡ ಡಾಕ್ಟರು ಸ್ಪೀಕರ್ ಫೋನ್‌ನಲ್ಲಿ ಸೇರಿಕೊಂಡರು. ಇನ್ನು ಯಾವ ಔಷಧಿ ಬದಲಿಸುವುದಿದ್ದರೂ ಮೊದಲು ಅಮಿತಾಳಿಗೆ ಹೇಳಬೇಕು, ಬಾಗಿಗೆ ಹೇಳುವುದು ಅವಳೊಬ್ಬಳೇ. ಲತೇಶ್ ದಿನಾ ಸಂಜೆ ಅವಳಿಗೆ ಫೋನ್ ಮಾಡುವುದೆಂದೂ ಆಯಿತು.

ನೋವು ಹೇಗುಂಟು, ಊಟ ಸೇರಿತಾ, ಕಕ್ಕ ಮಾಡಿದ್ಲಾ... ಈಗ ನೀವೇ ಹೇಳಿ, ಪ್ರೇಮ ಹುಟ್ಟುವ ಮಾತುಗಳೇ ಇವು? ಆದರೂ ಹುಟ್ಟಿತು. ಸಂಜೆಯಾದರೆ ಅಮಿತಾಳ ಕಿವಿ ಕುಕ್ಕರಿನ ಸೀಟಿ ಬಿಟ್ಟು ಮೊಬೈಲಿನ ಕಡೆಗೇ ಇರುತ್ತಿತ್ತು.

ಒಂದು ಸಂಜೆ ಮಗುವಿನ ವಿಚಾರ ಮುಗಿದ ಮೇಲೂ ಅವನು ಫೋನ್ ಇಡಲಿಲ್ಲ.

"ಅಮಿತಾ... ನೀವು ನಂಗೆ ತುಂಬಾ ಇಷ್ಟ. ಮದುವೆ ಆಗುವಾ?"

ಹೂಂ ಅನ್ನು ಎಂದು ಅವಳ ಮನಸ್ಸು ಗೋಗರೆಯಿತು. ಆದರೆ...

"ಬೇಡ ಡಾಕ್ಟ್ರೇ. ನಾಳೆ ನಮ್ಮ ಮಧ್ಯೆ ಮುನಿಸು ಬಂದ್ರೆ ಈ ಫೋನ್ ನಿಲ್ತದೆ. ಆಗ ದಿಶಾಳ ಗತಿ?"

"ಸರಿ," ಎಂದ ಅವನು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಬಾರದೇ ಎಂದು ಅವಳು ಒಳಗೊಳಗೇ ಅತ್ತದ್ದು ಅವನಿಗೇನು ಗೊತ್ತು?

ಮುನಿಸು ಬಂದದ್ದು ದಿಶಾಳಿಂದಲೇ. ಅವಳಪ್ಪ ವಾಸುವಿಗೆ ಸ್ಟೇಷನ್ ಬಳಿ ಉಡುಪಿ ಹೋಟೆಲ್.

"ಮುಝೆ ಗಲ್ಲೇ ಪೆ ಬೈಠನಾ ಹೈ," ಎಂದು ದಿಶಾ ದುಡ್ಡಿನ ಗಲ್ಲಾದಲ್ಲಿ ಕೂರುವ ಹಟ ಹಿಡಿದಳು. "ಪಪ್ಪನ ಹಾಗೆ."

ಸಂಜೆ ಅಮಿತಾ ಹೇಳಿದ್ದೇ ತಡ, ಲತೇಶ್ ಕಡ್ಡಿ ಮುರಿದಂತೆ ಅಂದ. "ಅಷ್ಟು ರಶ್ಶಿನಲ್ಲಾ? ಸೋಂಕು ತಗುಲಿದ್ರೆ? ಸಾಧ್ಯವೇ ಇಲ್ಲ."

"ಮಗು ಗುಣ ಆಗುದಿಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಇರುವಷ್ಟು ದಿನ ಕಿಟಕಿಯಿಂದ ರಸ್ತೆ ನೋಡ್ತಾ ಮಲಗಿರ್ಬೇಕಾ?"

"ನೀವು ನರ್ಸ್ ಹಾಗೆ ಯೋಚನೆ ಮಾಡ್ತಾ ಇಲ್ಲ."

"ನೀವು ಮನುಷ್ಯರ ಹಾಗೆ ಮಾಡ್ತಾ ಇಲ್ಲ."

ಫೋನ್ ಕಟ್ಟಾಯಿತು.

ಮರುದಿನ ಸಂಜೆ ಅಮಿತಾ ಮೊಬೈಲ್ ಹಿಡಿದು ಕೂತಳು. ಮಾಡುವುದಿಲ್ಲ... ಖಂಡಿತ ಮಾಡುವುದಿಲ್ಲ. ತಾನು ಹೆದರಿದ್ದೇ ಆಗಿಹೋಯಿತು ಎಂದು ಕಣ್ಣು ತುಂಬಿಕೊಂಡಳು.

ಎಂದಿನ ಹೊತ್ತಿಗೇ ಫೋನ್ ರಿಂಗಾಯಿತು.

"ನನ್ನ ಸಿಟ್ಟು ಇಳೀಲಿಲ್ಲ," ಎಂದ ಲತೇಶ್ ಗಡುಸಾಗಿ. "ದಿಶಾಳಿಗೆ ನಿದ್ದೆ ಬಂತಾ? ನೋವು?"

"ಬಂತು. ನೋವು ಕಡಿಮೆ ಉಂಟು..."

"ಮತ್ತೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಹೋಟೆಲ್ ಖಾಲಿ ಇರ್ತದಲ್ಲ? ಮಾಸ್ಕ್ ಹಾಕಿ ಸ್ವಲ್ಪ ಹೊತ್ತು ಕೂರಿಸಬಹುದು. ದೊಡ್ಡ ಡಾಕ್ಟ್ರೂ ಆಗ್ಬಹುದು ಅಂದ್ರು. ಬಾಗಿಗೆ ನೀವೇ ಹೇಳಿ."

ಅಮಿತಾ ಕೂಡಲೇ ಬಾಗಿಗೆ ಫೋನ್ ಹಚ್ಚಿದಳು.

ಭಾನುವಾರ ಮಧ್ಯಾಹ್ನ ಗಲ್ಲಾದಲ್ಲಿ ದಿಂಬುಗಳ ಮೇಲೆ ಕೂತ ದಿಶಾಳ ದರ್ಬಾರು ನೋಡಬೇಕಿತ್ತು. ವೇಟರ್ ಅಂಗಾರ ಹೊಸ ಯಜಮಾನಿಗೆ ಸಲಾಮು ಹೊಡೆದು ಏನು ತರಲಿ ಎಂದ. "ಸೇಠಾಣಿ, ಕ್ಯಾ ಲಾವೂಂ?"

"ಡಾಕ್ಟರ್ ಅಂಕಲ್ ಕೋ ಚಾಯ್. ಅಮಿತಾ ದೀದೀ ಕೋ ಭೀ. ಪಪ್ಪಾ, ತುಮ್ ಟೇಬಲ್ ಪೋಂಛೋ."

ವಾಸು ನಿಜಕ್ಕೂ ಬಟ್ಟೆ ಹಿಡಿದು ಟೇಬಲ್ ಒರೆಸಿದ. ಬಾಗಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ನಕ್ಕು!

ಮೂಲೆಯ ಟೇಬಲಲ್ಲಿ ಅಮಿತಾ ಮೆಲ್ಲಗೆ ಅಂದಳು, "ಸಿಟ್ಟಲ್ಲೂ ಫೋನ್ ಮಾಡಿದ್ರಲ್ಲ..."

"ಮಾಡದೆ? ಸಿಟ್ಟು ನಿಮ್ಮ ಮೇಲೆ, ಮಗುವಿನ ಮೇಲಲ್ಲ."

"ಹಾಗಾದ್ರೆ ಹೂಂ."

"ಯಾವುದಕ್ಕೆ?"

"ಅವತ್ತು ಕೇಳಿದ್ರಲ್ಲ, ಅದಕ್ಕೆ. ನಂಗೂ ನೀವಂದ್ರೆ ತುಂಬಾ ಇಷ್ಟ."

ಲತೇಶ್ ಚಹಾದ ಲೋಟ ಕೆಳಗಿಟ್ಟ. "ಅಮಿತಾ... ನಾವು ಇನ್ನೂ ಜಗಳ ಆಡ್ತೇವೆ, ಗೊತ್ತುಂಟಲ್ಲ?"

"ಆಡುವಾ," ಎಂದು ಅವಳು ಅವನ ಕೈ ಹಿಡಿದಳು. "ಸಂಜೆ ದಿಶಾಳ ಮಾತು ಮುಗಿಸಿ, ಆಮೇಲೆ."