ಸವೆದ ಬೆರಳಚ್ಚು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರನ್ನು ಮೀಸೆ ದಫೇದಾರ ಬರೆದುಕೊಳ್ಳಲೇ ಇಲ್ಲ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ನೆಟ್ಟಗೆ ಇನ್‌ಸ್ಪೆಕ್ಟರ್ ಕೋಣೆಗೆ ಬಂದ.

"ಮೇಡಂ, ಪರದೇಶದೋನೊಬ್ಬ ಬಂದಿದ್ದಾನೆ. ಕನ್ನಡ ಮಾತಾಡ್ತಾನೆ, ಪಠ್ಯಪುಸ್ತಕ ನುಂಗಿದೋನ ಥರ. ಮನೇಲಿರೋದು ತನ್ನ ಹೆಂಡತಿ ಅಲ್ಲವಂತೆ."

"ಮದುವೆ ಆದೋರೆಲ್ಲ ಒಂದಲ್ಲ ಒಂದಿನ ಹಾಗೇ ಅಂದ್ಕೋತಾರೆ ಕಣಯ್ಯ. ಕಳಿಸು."

ಬಂದವನು ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವ ಕಸುಬಿನವನು. ಎರಡು ವರ್ಷದ ಹಿಂದೆ ಇಲ್ಲಿನ ಬೈಂಡಿಂಗ್ ಅಂಗಡಿಗೆ ಕೆಲಸ ಕಲಿಯಲು ಬಂದಿದ್ದ. ಅಲ್ಲೇ ರಟ್ಟು ಕಟ್ಟುತ್ತಿದ್ದವಳನ್ನು ರಿಜಿಸ್ಟರ್ ಮದುವೆಯಾಗಿ, ತನ್ನ ದೇಶಕ್ಕೆ ಮರಳಿ, ಅವಳಿಗಾಗಿ ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿದ್ದ. ಮೊನ್ನೆ ವೀಸಾ ಬಂದಿತ್ತು. ಹೇಳದೆ ಕೇಳದೆ ಬಂದು ಅವಳನ್ನು ಅಚ್ಚರಿಪಡಿಸೋಣವೆಂದು ವಿಮಾನ ಹತ್ತಿದ್ದ.

"ಬಾಗಿಲು ತೆರೆದಳು. ಹೆಸರು ಹಿಡಿದು ಕರೆದಳು. ನಾನು ನಿನ್ನೆ ಬರೆದ ಮಾತೂ ಅವಳಿಗೆ ಗೊತ್ತು. ಮುಖವೂ ಬಹುತೇಕ ಅದೇ."

"ಮತ್ತೇನ್ರೀ ನಿಮ್ಮ ತಕರಾರು?"

"ಕೈ ಹಿಡಿದೆ. ನನ್ನ ಹೆಂಡತಿಯ ಬೆರಳ ತುದಿಗಳು ಗಾಜಿನಂತೆ ನುಣುಪು. ಇವಳದು ಹಾಗಿಲ್ಲ."

ದಫೇದಾರನ ಮೀಸೆಯಡಿಯ ನಗು ಅಲ್ಲಿಗೇ ನಿಂತಿತು.

"ವಿಡಿಯೋ ಕರೆ ಮಾಡ್ತಿರಲಿಲ್ವಾ?"

"ಐದು ತಿಂಗಳಿಂದ ಇಲ್ಲ. ಫೋನು ಕೆಟ್ಟಿದೆ, ಬರೆದು ಮಾತನಾಡೋಣ, ಬರೆದದ್ದು ವೀಸಾ ಕಡತಕ್ಕೆ ಪುರಾವೆಯಾಗುತ್ತದೆ ಎಂದಳು. ನನ್ನ ಹೆಂಡತಿ ಎಲ್ಲಿದ್ದಾಳೆ? ಅದೊಂದು ಹೇಳಿ ಸಾಕು."

ಕಡತ ಅವನ ಚೀಲದಲ್ಲೇ ಇತ್ತು. ಮದುವೆ ನಿಜವೆಂದು ವೀಸಾ ಕಚೇರಿಗೆ ತೋರಿಸಲು ಗಂಡ ಹೆಂಡಿರು ದಿನವೂ ಬರೆದುಕೊಂಡದ್ದನ್ನೆಲ್ಲ ಮುದ್ರಿಸಿಟ್ಟಿದ್ದ. ನಾನೂರು ಪುಟ. ಇನ್‌ಸ್ಪೆಕ್ಟರ್ ಮಧ್ಯಾಹ್ನದ ಊಟ ಮರೆತು ಓದಿದರು. ಬೇರೆಯವರ ಸಂಸಾರದೊಳಕ್ಕೆ ಇಣುಕುತ್ತಿದ್ದೇನೆಂಬ ಮುಜುಗರ ಮೊದಲು, ಆಮೇಲಾಮೇಲೆ ಭಯ. ಐದು ತಿಂಗಳ ಹಿಂದಿನವರೆಗೆ ಅವಳು ದಿನಕ್ಕೊಮ್ಮೆಯಾದರೂ 'ನನ್ನ ತಂಗಿ' ಎನ್ನುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದಿದ್ದಾಳೆ, ಸರಿಯಾಗಿ ತಿನ್ನುತ್ತಿಲ್ಲ, ಹೀಗೆ. ಆ ತಿಂಗಳ ಏಳನೇ ತಾರೀಖಿನ ನಂತರ ತಂಗಿಯ ಸುದ್ದಿಯೇ ಇಲ್ಲ.

ಕಡತದ ಕೊನೆಯಲ್ಲಿ, ವೀಸಾಕ್ಕೆ ಹೆಂಡತಿ ಬೆರಳಚ್ಚು ಕೊಡಬೇಕಿದ್ದ ಕೇಂದ್ರದ ನಾಲ್ಕು ಚೀಟಿಗಳಿದ್ದವು. ಮೂರರಲ್ಲಿ 'ಗುರುತು ಮೂಡಿಲ್ಲ' ಎಂದಿತ್ತು. ಅದೇ ತಿಂಗಳ ಹದಿಮೂರರ ನಾಲ್ಕನೆಯದರಲ್ಲಿ ಹತ್ತಕ್ಕೆ ಹತ್ತೂ ಬೆರಳು ಅಚ್ಚುಕಟ್ಟಾಗಿ ಮೂಡಿದ್ದವು.

3.15ಕ್ಕೆ ಬೈಂಡಿಂಗ್ ಅಂಗಡಿ. ಮಾಲೀಕ ತನ್ನ ಕೈಗಳನ್ನೇ ಚಾಚಿ ತೋರಿಸಿದ. "ನೋಡಿ ಮೇಡಂ, ಕಾಗದ ಉಜ್ಜಿ ಉಜ್ಜಿ ಗೆರೆ ಎಲ್ಲ ಮಾಯ. ಅವಳದ್ದೂ ಹಿಂಗೇ. ರಜಾ ಹಾಕಿ ಎರಡು ತಿಂಗಳು ಕೈ ಕಟ್ಟಿ ಕೂತ್ಕೋ, ಚಿಗುರುತ್ತೆ ಅಂದೆ. ಕೇಳಲಿಲ್ಲ ಮಹಾರಾಯ್ತಿ."

"ಕೊನೇ ದಿನ ಯಾವಾಗ ಬಂದಿದ್ಲು?"

"ಏಳನೇ ತಾರೀಖು. ಮಾರನೇ ದಿನ ಮೆಸೇಜು ಬಂತು, ವೀಸಾ ಆಯ್ತು, ಹೊರಟೆ ಅಂತ."

ಪಕ್ಕದ ಮನೆಯ ಅಜ್ಜಿಯದೂ ಅದೇ ಮಾತು. "ದೊಡ್ಡೋಳು ಹಾರಿಹೋಗಿ ಐದು ತಿಂಗಳಾಯ್ತಲ್ಲಮ್ಮ. ತಂಗಿ ಒಬ್ಳೇ ಇರೋದು, ಪಾಪ."

ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದರು. ಇಲ್ಲಿಯವರಿಗೆ ಅವಳು ಅಲ್ಲಿದ್ದಳು, ಅಲ್ಲಿಯವನಿಗೆ ಇಲ್ಲಿದ್ದಳು. ಐದು ತಿಂಗಳು ಅವಳನ್ನು ಯಾರೂ ಹುಡುಕಿರಲಿಲ್ಲ.

4.40ಕ್ಕೆ ಬಾಗಿಲು ತಟ್ಟಿದರು. ತೆರೆದವಳು ಅಂಗಡಿಯಲ್ಲಿ ಅಕ್ಕ ತೊಡುತ್ತಿದ್ದ, ಅಂಟು ಮೆತ್ತಿದ ಏಪ್ರನ್ ತೊಟ್ಟಿದ್ದಳು. ಮೇಜಿನ ಮೇಲೆ ಎರಡು ತಟ್ಟೆ ಹಾಕಿಟ್ಟಿದ್ದಳು.

"ಯಾರಮ್ಮ ನೀನು?"

ಅವಳು ಅಕ್ಕನ ಗಂಡನಿಗಾಗಿ ಪೊಲೀಸರ ಬೆನ್ನ ಹಿಂದೆ ಕಣ್ಣಾಡಿಸಿದಳು. "ಕೇಳ್ತಿರೋದು ನೀವಾ, ಅವರಾ?"

ದಫೇದಾರ ಒಂದು ಹೆಜ್ಜೆ ಹಿಂದೆ ಸರಿದ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವನು ಹಾಗೆ ಸರಿದದ್ದನ್ನು ಇನ್‌ಸ್ಪೆಕ್ಟರ್ ನೋಡಿರಲಿಲ್ಲ.

ಹಿತ್ತಲಿನ ಬತ್ತಿದ ನೀರಿನ ಸಂಪಿನ ಮುಚ್ಚಳದ ಸುತ್ತ ಹೊಸ ಸಿಮೆಂಟು ಮೆತ್ತಿತ್ತು. ಅಜ್ಜಿಯನ್ನೂ ಅಂಗಡಿ ಮಾಲೀಕನನ್ನೂ ಪಂಚರಾಗಿಸಿ, 5.30ಕ್ಕೆ ಮುಚ್ಚಳ ತೆಗೆಸಿ, ಒಳಗಿದ್ದ ಅಕ್ಕನ ಶವದ ಪಂಚನಾಮೆ ಬರೆಸಿದರು. ಎಫ್‌ಐಆರ್‌ನಲ್ಲಿ ಕೊಲೆಯ ಕಲಂ ಬಿತ್ತು.

ತಂಗಿ ಅಳಲಿಲ್ಲ. "ನನ್ನನ್ನೂ ಕರ್ಕೊಂಡು ಹೋಗು ಅಕ್ಕ ಅಂದೆ. ಅದು ಸಂಗಾತಿ ವೀಸಾ ಕಣೇ, ತಂಗಿಗೆಲ್ಲ ಕೊಡಲ್ಲ ಅಂತ ನಕ್ಕಳು. ಮೆಟ್ಟಿಲ ಮೇಲಿದ್ಲು, ತಳ್ಳಿಬಿಟ್ಟೆ. ಬಿದ್ದೋಳು ಅಲ್ಲಾಡಲೇ ಇಲ್ಲ."

"ಆಮೇಲೆ?"

"ಅವಳ ಫೋನು ಸದ್ದು ಮಾಡ್ತು. ಊಟ ಮಾಡಿದೆಯಾ ಅಂತ. ಏಳು ವರ್ಷ ಸಂಸಾರ ಮಾಡಿದೆ ಮೇಡಂ, ಒಂದಿನಾನೂ ಯಾರೂ ನನ್ನನ್ನ ಆ ಮಾತು ಕೇಳಿರಲಿಲ್ಲ. ಮಾಡಿದೆ ಅಂತ ಬರೆದೆ. ನಾಳೆ ಸತ್ಯ ಹೇಳಿದ್ರಾಯ್ತು ಅಂದ್ಕೊಂಡೆ. ನಾಳೆಯೂ ಕೇಳಿದ್ರು."

6.50ಕ್ಕೆ ದಸ್ತಗಿರಿ. ಜೀಪು ಹತ್ತುವಾಗ ಅವಳು ಕೇಳಿದ್ದು ಒಂದೇ, "ಅವರು ಊಟ ಮಾಡಿದ್ರಾ?"

ಮರುದಿನ ಗಂಡ ಠಾಣೆಗೆ ಬಂದ. ಇಡೀ ರಾತ್ರಿ ಅತ್ತ ಮುಖ. "ಕಡತದಲ್ಲಿ ನನ್ನ ಹೆಂಡತಿಯ ಮಾತು ಎಲ್ಲಿಗೆ ಮುಗಿಯಿತು ಎಂದು ಗುರುತು ಮಾಡಿಕೊಡಿ. ಅಷ್ಟನ್ನು ನಾನು ಇಟ್ಟುಕೊಳ್ಳುತ್ತೇನೆ."

ಇನ್‌ಸ್ಪೆಕ್ಟರ್ ಏಳನೇ ತಾರೀಖಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಅವನು ಮೊದಲು ಗೆರೆಯ ಮೇಲಿನದನ್ನು ಓದಿದ, ಆಮೇಲೆ ಕೆಳಗಿನದನ್ನು. ನಲವತ್ತು ಪುಟ ಮಗುಚಿ ಒಂದು ಕಡೆ ಅವನ ಬೆರಳು ನಿಂತಿತು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಅವನೇ ಬರೆದದ್ದು: 'ಈಗೀಗ ನೀನು ನನಗೆ ಮೊದಲಿಗಿಂತ ಹತ್ತಿರವಾಗಿದ್ದೀಯೆ.'