ಕಂಪ್ಲಿ ಬಸ್ಸಿನಲ್ಲಿ ನರ್ಸಮ್ಮ

"ಗಂಗಾ, ಅಜ್ಜಿ ಎಲ್ಲದಾಳ?"

ಶಾಲೆಯ ಗೇಟಿನ ಆಚೆ ಅಪ್ಪ ನಿಂತಿದ್ದ. ಗಂಗಾಳ ಕೈಯಲ್ಲಿ ಊಟದ ತಟ್ಟೆ, ಬಾಯಿಯಲ್ಲಿ ಅರ್ಧ ಮೊಟ್ಟೆ. ಅಪ್ಪ ಯಾವತ್ತೂ ಶಾಲೆಯ ಕಡೆ ಬರುವವನಲ್ಲ. ಈ ಹೊತ್ತಿಗೆ ಅವನು ಸಂಡೂರಿನ ದಾರಿಯಲ್ಲಿ ಟಿಪ್ಪರ್ ಓಡಿಸುತ್ತಿರಬೇಕಿತ್ತು.

"ಮನಿಯಾಗ ಇಲ್ಲೇನು?" ಎಂದಳು ಗಂಗಾ, ಮೊಟ್ಟೆ ನುಂಗಿ.

"ಇದ್ದಿದ್ರ ನಿನ್ನ ಯಾಕ ಕೇಳ್ತಿದ್ದೆ? ಫೋನ್ ಸ್ವಿಚ್ ಆಫ್. ಬೆಳಿಗ್ಗಿಂದ ಹುಡುಕಾಕತ್ತೀನಿ."

ಅಪ್ಪನ ಹಿಂದೆ ಒಂದು ಬಿಳಿ ಜೀಪು. ಅದರಿಂದ ನಾಗಭೂಷಣ ಇಳಿದ. ಕೊರಳಲ್ಲಿ ಪಾರ್ಟಿಯ ಶಾಲು. ಅಪ್ಪ ಓಡಿಸುವ ಟಿಪ್ಪರ್ ಅವನ ಅಣ್ಣನದು.

"ಜಲ್ದಿ ಕೇಳಲೇ ಮಾಲತೇಶ. ಮೂರು ಗಂಟಿಗೆ ಆಫೀಸಿನ ಬಾಗಿಲು ಹಾಕ್ತಾರ. ನರ್ಸಮ್ಮ ತಾನ ಬಂದು ಸಹಿ ಮಾಡಬೇಕು," ಎಂದ. ಆಮೇಲೆ ಗಂಗಾಳ ಕಡೆ ನೋಡಿ ನಕ್ಕ. "ಹೇಳು ಮಗಾ. ಅಜ್ಜಿ ಎಲ್ಲಿಗೆ ಹೋದ್ಲು?"

"ನನಗ ಗೊತ್ತಿಲ್ರಿ."

ಸುಳ್ಳು. ಗಂಗಾಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ಬೆಳಿಗ್ಗೆ ಜಡೆ ಹಾಕುವಾಗ ಅಜ್ಜಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿದ್ದಳು: "ನಾನು ಕಂಪ್ಲಿ ಬಸ್ ಹತ್ತೀನಿ. ಹೋಗೂದು, ಬರೂದು, ಮತ್ತ ಹೋಗೂದು. ಹೆಂಗಸರಿಗೆ ಹೆಂಗೂ ಫ್ರೀ. ಮೂರು ಗಂಟಿ ಆಗೂತನ ಇಳಿಯಂಗಿಲ್ಲ. ಮುದುಕಿ ನಾನು, ಎಲ್ಲೆರೆ ತಲಿ ತಿರುಗಿ ಬಿದ್ರ ಒಬ್ಬರಿಗಾದ್ರೂ ಗೊತ್ತಿರಬೇಕಲ್ಲ, ಅದಕ್ಕ ನಿನಗ ಹೇಳಾಕತ್ತೀನಿ. ಯಾರು ಕೇಳಿದ್ರೂ ಬಾಯಿ ಬಿಡಬ್ಯಾಡ."

"ಮೂರು ಗಂಟಿ ಆದ್ರ ಏನಾಗ್ತೈತಜ್ಜಿ?"

"ಆಮ್ಯಾಲ ನಾಮಿನೇಷನ್ ವಾಪಸ್ ತಗೊಳ್ಳಾಕ ಬರಂಗಿಲ್ಲ. ಎಲೆಕ್ಷನ್‌ಗೆ ನಿಂತಂಗ ಲೆಕ್ಕ. ಅಲ್ಲಾಡಬ್ಯಾಡ, ಜಡಿ ಸೊಟ್ಟ ಆಗ್ತೈತಿ."

ಅಜ್ಜಿಯ ಹೆಸರು ಎರ್ರೆಮ್ಮ. ಆದರೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ನರ್ಸಮ್ಮ ಅನ್ನಬೇಕು. ತಲೆ ಹಣ್ಣಾಗುವ ತನಕ ಅವಳು ಸರ್ಕಾರಿ ನರ್ಸ್ ಆಗಿದ್ದಳು. ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡು ಅತ್ತ ಮಕ್ಕಳಿಗೆ ಈಗ ಮೀಸೆ ಬಂದಿದೆ.

ಅವಳು ರಿಟೈರ್ ಆದ ಮೇಲೆ ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಸಣ್ಣ ದವಾಖಾನೆಗೆ ಬೀಗ ಬಿತ್ತು. ಬಾಗಿಲ ಮುಂದೆ ಈಗ ಆಡು ಮಲಗುತ್ತವೆ. ಅಜ್ಜಿ ಆಫೀಸುಗಳಿಗೆ ತಿರುಗಿದಳು, ಸಾಹೇಬರ ಮುಂದೆ ಕೂಗಾಡಿದಳು. "ನಾನು ರಿಟೈರ್ ಆದೆ ಸರಿ. ಜ್ವರಾನೂ ರಿಟೈರ್ ಆಗ್ಯಾವೇನ್ರಿ?" ಎಂದಳು. ಯಾರೂ ಬೀಗ ತೆಗೆಯಲಿಲ್ಲ.

ಅಷ್ಟರಲ್ಲಿ ಅವಧಿಗೆ ಮೊದಲೇ ಎಮ್ಮೆಲ್ಲೆ ಎಲೆಕ್ಷನ್ ಬಂತು. ಅಜ್ಜಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಹೋಗಿ ನಾಮಿನೇಷನ್ ಹಾಕಿ ಬಂದಳು. ಪಾರ್ಟಿ ಇಲ್ಲ, ಬಾವುಟ ಇಲ್ಲ, ಜೀಪು ಮೊದಲೇ ಇಲ್ಲ.

ಊರೆಲ್ಲ ನಕ್ಕಿತು. ಕ್ಲಾಸಿನಲ್ಲಿ ಹುಲಿಗೇಶ್ ಬೆಂಚು ಹತ್ತಿ ನಿಂತು, "ನಿಮ್ಮಜ್ಜಿ ಎಮ್ಮೆಲ್ಲೆ ಆದ್ರ ವಿಧಾನಸೌಧದಾಗ ಎಲ್ಲಾರೂ ಚಡ್ಡಿ ಇಳಿಸಿ ನಿಲ್ಲಬೇಕು, ಡುಸ್ ಡುಸ್ ಅಂತ ಇಂಜೆಕ್ಷನ್!" ಎಂದ. ಗಂಗಾಳಿಗೆ ಸಿಟ್ಟೂ ಬಂತು, ನಗುವೂ ಬಂತು. ಯಾವುದನ್ನು ಮಾಡಬೇಕೋ ತಿಳಿಯಲಿಲ್ಲ.

ನಿನ್ನೆ ಸಂಜೆಯಿಂದ ಅವಳಿಗೆ ಯಾವುದೂ ತಿಳಿಯುತ್ತಿರಲಿಲ್ಲ.

ನಿನ್ನೆ ಮೊದಲು ಬಂದವನು ಈ ನಾಗಭೂಷಣ. ಬಂದವನೇ ಅಜ್ಜಿಯ ಕಾಲಿಗೆ ಬಿದ್ದ. "ನರ್ಸಮ್ಮ, ನೀವು ನಮ್ಮ ತಾಯಿ ಇದ್ದಂಗ. ವಾಪಸ್ ತಗೊಂಡು ಬಿಡ್ರಿ. ಗೆದ್ದ ಮ್ಯಾಲೆ ದವಾಖಾನಿ ನಾವು ತೆಗಸ್ತೀವಿ," ಎಂದ.

"ಇಷ್ಟು ದಿನ ನೀವಾ ಗೆದ್ದಿದ್ರಲ್ಲ? ಆಗ ಬೀಗದ ಕೈ ಕಳಕೊಂಡಿದ್ರೇನು?" ಎಂದು ಅಜ್ಜಿ ಅವನನ್ನು ಅಟ್ಟಿದಳು.

ಅವನು ಹೋದ ಮೇಲೆ ಇನ್ನೊಂದು ಪಾರ್ಟಿಯ ವಿರೂಪಾಕ್ಷಪ್ಪ ಬಂದ. ಅವನು, "ಏನ ಆಗ್ಲಿ, ವಾಪಸ್ ತಗೋಬ್ಯಾಡ್ರಿ ನರ್ಸಮ್ಮ! ನಿಲ್ರಿ! ಆಟೋ, ಮೈಕು ನಾವು ಕೊಡ್ತೀವಿ," ಎಂದ. ಗಂಗಾಳಿಗೆ ಖುಷಿಯಾಯಿತು. ಇವನು ನಮ್ಮ ಕಡೆಯವನು ಅಂದುಕೊಂಡು ತಾನೇ ಓಡಿ ಹೋಗಿ ನೀರು ತಂದು ಕೊಟ್ಟಳು.

ಅಜ್ಜಿ ಕೇಳಿದಳು: "ಹಂಗಾದ್ರ ನನಗ ಓಟು ಹಾಕ್ತೀಯೇನಪಾ?"

ವಿರೂಪಾಕ್ಷಪ್ಪ ನಕ್ಕುಬಿಟ್ಟ. "ಅದೆಂಗಾಗ್ತೈತ್ರಿ? ನಾವು ನಮ್ಮ ಪಾರ್ಟಿಗೇ ಹಾಕೂದು. ನೀವು ನಿಂತ್ರ ಅವರ ಓಟು ಒಂದಿಷ್ಟು ನಿಮಗ ಬೀಳ್ತಾವ. ಅಷ್ಟಾ ಸಾಕು ನಮಗ."

ಕಾಲಿಗೆ ಬಿದ್ದವನು ನಿಲ್ಲಬೇಡ ಅನ್ನುತ್ತಾನೆ. ನಿಲ್ಲು ಅನ್ನುವವನು ಓಟು ಹಾಕುವುದಿಲ್ಲ. ಯಾರು ಒಳ್ಳೆಯವರು? ಗಂಗಾ ಅಮ್ಮನನ್ನು ಕೇಳಿದಳು. ಅಮ್ಮ, "ಇಬ್ಬರೂ ಚಾ ಕುಡದು ಹೋದ್ರು, ಲೋಟ ತೊಳೀಬೇಕು," ಎಂದಳು.

ಅಪ್ಪ ಮಾತ್ರ ನಿನ್ನೆ ಏನೂ ಮಾತಾಡಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ.

ಈಗ ಅದೇ ಅಪ್ಪ ಗೇಟಿನ ಕಂಬಿಗಳ ನಡುವೆ ಮುಖ ಇಟ್ಟು ಕುಕ್ಕರಗಾಲಲ್ಲಿ ಕೂತ.

"ಗಂಗಾ. ಅವ್ವ ವಾಪಸ್ ತಗೊಳ್ಳಲಿಲ್ಲ ಅಂದ್ರ ನಾಳೆಯಿಂದ ಗಾಡಿ ಹತ್ತಬ್ಯಾಡ ಅಂದಾರ. ನನ್ನ ಕೆಲಸ ಹೋಗ್ತೈತಿ. ನಿನಗ ಗೊತ್ತೈತಿ ಅಲ್ಲಾ?"

ಅಪ್ಪನ ಕಣ್ಣು ಕೆಂಪಾಗಿದ್ದವು. ಅದಿರಿನ ಧೂಳಿಗೆ ದಿನವೂ ಕೆಂಪಾಗಿರುತ್ತವೆ. ಆದರೆ ಇದು ಆ ಕೆಂಪಲ್ಲ ಅನ್ನಿಸಿತು ಗಂಗಾಳಿಗೆ.

ಯಾರು ಕೇಳಿದರೂ ಹೇಳಬೇಡ ಅಂದಿದ್ದಳು ಅಜ್ಜಿ. ಯಾರು ಅಂದರೆ ನಾಗಭೂಷಣ, ವಿರೂಪಾಕ್ಷಪ್ಪ, ಜೀಪಿನವರು. ಅಪ್ಪನೂ ಅದರಲ್ಲಿ ಸೇರುತ್ತಾನೆಯೇ? ಅಪ್ಪ ಮನೆಯವನಲ್ಲವೇ?

"ನಿನಗೊಬ್ಬನಿಗೇ ಹೇಳ್ತೀನಿ," ಎಂದು ಪಿಸುಗುಟ್ಟಿದಳು. "ಕಂಪ್ಲಿ ಬಸ್ಸಿನಾಗ ಅದಾಳ."

ಅಪ್ಪ ಎದ್ದು ನಾಗಭೂಷಣನಿಗೆ, "ನೀವು ಆಫೀಸಿನ ಹತ್ರ ಇರ್ರಿ ಅಣ್ಣಾ. ನಾನು ಕರ್ಕೊಂಡು ಬರ್ತೀನಿ," ಎಂದ. ಜೀಪು ಧೂಳೆಬ್ಬಿಸಿ ಹೋಯಿತು. ಅಪ್ಪ ಗಾಯತ್ರಿ ಮಿಸ್ ಹತ್ತಿರ ಹೋಗಿ ಏನೋ ಹೇಳಿ ಗಂಗಾಳನ್ನು ಬಿಡಿಸಿಕೊಂಡ. ಗೇಟಿನ ಹತ್ತಿರ ನಿಲ್ಲಿಸಿದ್ದ ತನ್ನ ಬೈಕ್ ಮೇಲೆ ಅವಳನ್ನು ಕೂರಿಸಿಕೊಂಡು ಹೊರಟ.

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಆಗಲೇ ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ಪರಿಚಯದ ಕಂಡಕ್ಟರ್ ಅಪ್ಪನನ್ನು ನೋಡಿ, "ನಿಮ್ಮವ್ವನ್ನ ಹುಡುಕಾಕತ್ತೀರೇನು? ಬೆಳಿಗ್ಗಿಂದ ಇಳಿದಾ ಇಲ್ರೀ! ಮುಂದಿನ ಸೀಟಿನಾಗ ಅದಾರ. ನಿನಗ ಬಿಪಿ ಐತಿ, ಉಪ್ಪು ಕಡಿಮಿ ಮಾಡು ಅಂತ ನನಗೂ ಬೈದ್ರು," ಎಂದ.

ಅಜ್ಜಿ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಪಕ್ಕದಲ್ಲಿ ಬಾಳೆಕಾಯಿ ಚೀಲ ಇಟ್ಟುಕೊಂಡ ಹೆಂಗಸು. ಗಂಗಾ ಜನರ ಕೈಗಳ ಕೆಳಗೆ ನುಸುಳಿ ಹೋಗಿ ಅಜ್ಜಿಯ ಕಾಲಿನ ಹತ್ತಿರ ನಿಂತಳು. ಅಪ್ಪ ಜನರ ನಡುವೆ ಸಿಕ್ಕಿ ಹಿಂದೆಯೇ ಉಳಿದ. ಡ್ರೈವರ್ ಗೇರ್ ಹಾಕಿದ. ಬಸ್ಸು ಹೊರಟೇಬಿಟ್ಟಿತು.

"ಅಣ್ಣಾ, ತಡೀರಿ, ಇಳಿಯೋರು ಅದೀವಿ," ಎಂದ ಅಪ್ಪ.

"ಈಗ ಹತ್ತಿದ್ರಿ, ಈಗ ಇಳೀತೀರಾ? ಟ್ರಾಫಿಕ್ ಐತಿ, ಇಲ್ಲಿ ನಿಲ್ಸಂಗಿಲ್ಲ. ಟಿಕೆಟ್ ಎಲ್ಲಿಗೆ?"

ಅಪ್ಪ ಒಂದು ಗಳಿಗೆ ಯೋಚಿಸಿದ. "ಕಮಲಾಪುರ ಒಂದು." ಗಂಗಾಳಿಗೆ ಟಿಕೆಟ್ ಫ್ರೀ.

ಅಜ್ಜಿ ಗಂಗಾಳನ್ನು ನೋಡಿದಳು. ಬೈಯಲಿಲ್ಲ. ಅದಕ್ಕೇ ಗಂಗಾಳಿಗೆ ಭಯವಾಯಿತು.

"ಹೇಳಿಬಿಟ್ಟಿ?"

"ನಾಗಭೂಷಣಗ ಹೇಳಿಲ್ಲಜ್ಜಿ! ಜೀಪಿನವರಿಗೆ ಯಾರಿಗೂ ಹೇಳಿಲ್ಲ. ಅಪ್ಪಗ ಒಬ್ಬನಿಗೇ."

ಅಜ್ಜಿ ಕಿಟಕಿಯ ಕಡೆ ತಿರುಗಿದಳು. "ಅವನಿಗೊಬ್ಬನಿಗೆ ಹೇಳಬಾರದಿತ್ತು ನೋಡು. ಬ್ಯಾರೆ ಯಾರಿಗೆ ಹೇಳಿದ್ರೂ ನಡೀತಿತ್ತು."

ಗಂಗಾಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೆಟ್ಟವರು ಜೀಪಿನವರು ತಾನೇ? ಅಪ್ಪ ಕೆಟ್ಟವನೇ?

"ನೀನು ನಾಗಭೂಷಣಗ ಹೆದರಿ ಬಸ್ ಹತ್ತಿಲ್ಲೇನು?"

"ಅವನಿಗಾ?" ಅಜ್ಜಿ ಮೂಗಿನಲ್ಲೇ ನಕ್ಕಳು. "ಸಣ್ಣವಿದ್ದಾಗ ಒಂದು ಸೂಜಿಗೆ ದವಾಖಾನಿ ಬಿದ್ದುಹೋಗೂವಂಗ ಅಳ್ತಿದ್ದ ಅವನು. ಬಾಗಿಲಿಗೆ ಬಂದಿದ್ರ ಇವತ್ತೂ ಅಳಿಸಿ ಕಳಸ್ತಿದ್ದೆ."

ಮತ್ತೆ ಯಾರಿಗೆ ಹೆದರಿದಳು? ಗಂಗಾ ಅಜ್ಜಿಯ ಮುಖ ನೋಡಿದಳು. ಸಾಹೇಬರ ಮೇಜು ಕುಟ್ಟಿ ಮಾತಾಡುವ ಅಜ್ಜಿ ಈಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಹಿಂದೆ ತಿರುಗಿ ನೋಡಲೇ ಇಲ್ಲ.

ಹಿಂದೆ ಅಪ್ಪ ಮೇಲಿನ ಕಂಬಿ ಹಿಡಿದು ನಿಂತಿದ್ದ. ಅವನ ಮುಂದೆ ಬರೀ ಹೆಂಗಸರು, ಬುಟ್ಟಿಗಳು, ಕೂಸುಗಳು. ಅಪ್ಪನ ಜೇಬಿನಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅವನು ಎತ್ತಲಿಲ್ಲ. ಅಜ್ಜಿಯ ಬೆನ್ನನ್ನೇ ನೋಡುತ್ತಿದ್ದ.

ಗಂಗಾಳಿಗೆ ಮನೆಯ ನೆನಪಾಯಿತು. ಅಜ್ಜಿ ಟಿವಿ ನೋಡುವಾಗ ಯಾರೂ ಅಡ್ಡ ಬರುವಂತಿಲ್ಲ. ಆದರೆ ಅಪ್ಪ ಬಂದು "ಅವ್ವಾ" ಅಂದರೆ ಸಾಕು, ಮುಂದಿನ ಮಾತು ಕೇಳದೆ ರಿಮೋಟ್ ಕೊಟ್ಟುಬಿಡುತ್ತಾಳೆ. ಒಂದು ಸಲವೂ ಅವನಿಗೆ ಇಲ್ಲ ಅಂದದ್ದನ್ನು ಗಂಗಾ ಕೇಳಿಲ್ಲ.

ಗಂಗಾ ಅಜ್ಜಿಯನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅಜ್ಜಿ ಯಾರಿಗೆ ಹೆದರಿ ಬಸ್ ಹತ್ತಿದ್ದಳು ಅಂತ ಈಗ ತಿಳಿಯಿತು.

"ಯಾರ್ರೀ ಕಮಲಾಪುರ? ಜಲ್ದಿ ಇಳೀರಿ!"

ಬಸ್ಸು ನಿಂತಿತು. ಬುಟ್ಟಿಗಳು ಇಳಿದವು, ಕೂಸುಗಳು ಇಳಿದವು, ಬಾಳೆಕಾಯಿ ಚೀಲದ ಹೆಂಗಸೂ ಇಳಿದಳು. ಬಸ್ಸು ಅರ್ಧ ಖಾಲಿಯಾಯಿತು. ಅಪ್ಪನಿಗೂ ಅಜ್ಜಿಗೂ ನಡುವೆ ಈಗ ಯಾರೂ ಇರಲಿಲ್ಲ. ಹೊರಗೆ ಆಟೋಗಳು ಸಾಲಾಗಿ ನಿಂತಿದ್ದವು. ಇಲ್ಲಿ ಇಳಿದು ಒಂದು ಆಟೋ ಹಿಡಿದರೆ ಮೂರರೊಳಗೆ ಹೊಸಪೇಟೆ ಮುಟ್ಟಬಹುದಿತ್ತು.

ಅಪ್ಪ ಮುಂದೆ ಬಂದ. ಅಜ್ಜಿಯ ಸೀಟಿನ ಹತ್ತಿರ ನಿಂತ.

"ಅವ್ವಾ," ಎಂದ.

ಅಜ್ಜಿಯ ಬೆರಳು ನಿಂತುಹೋಯಿತು. ಅವಳು ಕಾಲಿನ ಹತ್ತಿರ ಇಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಇಳಿಯುವವರು ಹಾಗೆ ಇಟ್ಟುಕೊಳ್ಳುತ್ತಾರೆ. ಮಗನ ಮುಖ ನೋಡಲಿಲ್ಲ. ಕಾದಳು.

ಗಂಗಾ ಅಪ್ಪನ ಬಾಯಿಯನ್ನೇ ನೋಡಿದಳು.

ಅಪ್ಪ ಚೀಲ ನೋಡಿದ. ಚೀಲ ಹಿಡಿದ ಕೈ ನೋಡಿದ.

"ಕಮಲಾಪುರ ನಿಮ್ದಾ ಅಲ್ರೀ?" ಕಂಡಕ್ಟರ್ ಕೂಗಿದ. "ಇಳೀರಿ ಮತ್ತ! ಲೇಟಾತು."

ಅಪ್ಪ ತಿರುಗಿ ನೋಡಿದ. ಜೇಬಿಗೆ ಕೈ ಹಾಕಿದ. ಇನ್ನೂ ಬಡಿದುಕೊಳ್ಳುತ್ತಿದ್ದ ಫೋನನ್ನು ಬಿಟ್ಟು ಒಂದು ನೋಟು ತೆಗೆದ.

"ಕಂಪ್ಲಿಗೆ ಒಂದು ಕೊಡ್ರಿ," ಎಂದ.

ಬಸ್ಸು ಹೊರಟಿತು. ಆಟೋಗಳ ಸಾಲು ಹಿಂದೆ ಸರಿಯಿತು.

ಅಜ್ಜಿ ಆಗ ತಲೆ ಎತ್ತಿದಳು. "ಏನೋ ಕೇಳಾಕ ಬಂದಿದ್ದಿಯಲ್ಲೋ?"

"ಹೂಂ," ಎಂದ ಅಪ್ಪ. ಟಿಕೆಟ್ ಮಡಚಿ ಜೇಬಿಗಿಟ್ಟ. "ಊಟ ಮಾಡಿದ್ಯೋ ಇಲ್ಲೋ ಅಂತ ಕೇಳಾಕ ಬಂದೆ."

ಅಜ್ಜಿ ತಲೆ ಅಲ್ಲಾಡಿಸಿದಳು, ಇಲ್ಲ ಅಂತ. ಚೀಲವನ್ನು ಮತ್ತೆ ಕಾಲಿನ ಹತ್ತಿರ ಇಟ್ಟಳು.

ನಾಳೆ ಅಪ್ಪನಿಗೆ ಕೆಲಸ ಇರುತ್ತದೋ ಇಲ್ಲವೋ? ಅಜ್ಜಿ ಗೆಲ್ಲುತ್ತಾಳೋ ಸೋಲುತ್ತಾಳೋ? ಗಂಗಾಳಿಗೆ ಗೊತ್ತಿರಲಿಲ್ಲ. ಅದನ್ನು ಈಗ ಯಾರನ್ನೂ ಕೇಳಬಾರದು ಅನ್ನುವುದು ಮಾತ್ರ ಗೊತ್ತಾಯಿತು.

ಅಜ್ಜಿಯ ಪಕ್ಕದ ಸೀಟು ಖಾಲಿ ಇತ್ತು. ಗಂಗಾ ಅಲ್ಲಿ ಕೂರಲಿಲ್ಲ. ಅಪ್ಪನ ಅಂಗಿ ಹಿಡಿದು ಎಳೆದು ಅವನನ್ನು ಅಲ್ಲಿ ಕೂರಿಸಿ, ತಾನು ಹಿಂದಿನ ಸೀಟಿಗೆ ಹೋದಳು.

ಹೊರಗೆ ಬಾಳೆ ತೋಟಗಳು ಓಡುತ್ತಿದ್ದವು. ಬುಕ್ಕಸಾಗರ ಬಂತು, ಹೋಯಿತು. ದಾರಿಯಲ್ಲಿ ಎಲ್ಲಿ ಮೂರು ಗಂಟೆ ಆಯಿತೋ, ಮೂವರಲ್ಲಿ ಯಾರೂ ನೋಡಲಿಲ್ಲ.